ಪ್ಲಾಟ್‌ಫಾರ್ಮಿನಲ್ಲಿ ಒಬ್ಬರು ಬಿದ್ದರು, ಎದೆ ಒತ್ತಿದೆ, ನಡುವೆ ನಿಲ್ಲಿಸಿಬಿಟ್ಟೆ

ಡೊಂಬಿವಲಿಕರ (ಸೋಮವಾರ ರಾತ್ರಿ)

ಹತ್ತು ದಿನದಿಂದ ಇದು ತಲೆ ಕೊರೆಯುತ್ತಿದೆ. ಮನೆಯಲ್ಲಿ ಹೇಳಿದರೆ "ಬಿಡಿ, ನಿಮ್ಮ ಕೈಲಾದ್ದು ಮಾಡಿದ್ದೀರಿ" ಅನ್ನುತ್ತಾರೆ. ನನಗೆ ಆ ಮಾತು ಬೇಡ. ಗೊತ್ತಿರುವವರು ಯಾರಾದರೂ ಇದ್ದರೆ ಬಿಡಿಸಿ ಹೇಳಿ.

ಮುಂಬೈ ಲೋಕಲ್ ರೈಲು, ನಮ್ಮ ಲೈನಿನ ಒಂದು ಸ್ಟೇಷನ್. ಬೆಳಿಗ್ಗೆ ಎಂಟೂವರೆ. ಫಾಸ್ಟ್ ಲೋಕಲ್‌ಗೆ ಕಾಯುತ್ತಿದ್ದೆವು. ನನ್ನಿಂದ ನಾಲ್ಕು ಹೆಜ್ಜೆ ಆಚೆ ಒಬ್ಬರು ನಿಂತಿದ್ದರು. ಐವತ್ತೈದರ ಆಸುಪಾಸು, ಹೆಗಲಲ್ಲಿ ಡಬ್ಬಿ ಚೀಲ. ಕೂಗಲಿಲ್ಲ, ಎದೆ ಹಿಡಿದುಕೊಳ್ಳಲಿಲ್ಲ. ಕಡಿದ ಬಾಳೆಗಿಡದ ಹಾಗೆ ಬಿದ್ದರು. ಡಬ್ಬಿ ಬಾಯಿ ಬಿಟ್ಟು ಚಪಾತಿ, ಭಾಜಿ ಎಲ್ಲ ಚೆಲ್ಲಿತು. ಕೈಕಾಲು ಸ್ವಲ್ಪ ಹೊತ್ತು ಅದುರಿತು. "ಫಿಟ್ಸ್, ಫಿಟ್ಸ್" ಎಂದು ಯಾರೋ ಕೂಗಿದರು. ಒಬ್ಬರು ಚಪ್ಪಲಿ ಬಿಚ್ಚಿ ಮೂಗಿಗೆ ಹಿಡಿದರು. ಇನ್ನೊಬ್ಬರು ಅಂಗೈಯಲ್ಲಿ ಬೀಗದ ಕೈ ಇಟ್ಟು ಮುಷ್ಟಿ ಮಡಿಸಿದರು. "ಕಾಂದಾ ಆಣಾ, ಕಾಂದಾ" (ಈರುಳ್ಳಿ ತನ್ನಿ) ಎಂದು ಒಬ್ಬ ಅಜ್ಜಿ. ಸುತ್ತ ಐವತ್ತು ಜನ. ಅದರಲ್ಲಿ ನಾನೂ ಒಬ್ಬ, ಸುಮ್ನೆ ನಿಂತಿದ್ದೆ.

ಆಫೀಸಿನಲ್ಲಿ ನಾಲ್ಕು ವರ್ಷದ ಹಿಂದೆ ಎರಡು ಗಂಟೆಯ ಸಿಪಿಆರ್ (ಹೃದಯ ನಿಂತವರ ಎದೆ ಒತ್ತುವುದು) ಕ್ಲಾಸ್ ಆಗಿತ್ತು. ಸರ್ಟಿಫಿಕೇಟ್ ಎಲ್ಲಿದೆಯೋ ಗೊತ್ತಿಲ್ಲ. ಅದುರುವುದು ನಿಂತ ಮೇಲೆ ಮುಖ ನೋಡಿದೆ, ಬೂದಿ ಬಣ್ಣ. ಆಗ ಹೊಳೆಯಿತು. ಬ್ಯಾಗ್ ಎಸೆದು ಮೊಣಕಾಲೂರಿ ಒತ್ತತೊಡಗಿದೆ. ಎರಡು ನಿಮಿಷ ಒತ್ತಿರಬಹುದು, ಅವರ ಬಾಯಿ ತೆರೆಯಿತು. ಗೊರ್ ಎಂದು ಒಂದು ಉಸಿರು ಎಳೆದರು. ಸ್ವಲ್ಪ ಹೊತ್ತಿಗೆ ಇನ್ನೊಂದು. "ಶ್ವಾಸ್ ಚಾಲೂ ಆಹೇ, ಥಾಂಬಾ, ಥಾಂಬಾ" (ಉಸಿರಾಡುತ್ತಿದ್ದಾರೆ, ನಿಲ್ಲಿಸಿ) ಎಂದು ಎಲ್ಲರೂ ಹೇಳಿದರು. ನಿಲ್ಲಿಸಿದೆ. ನಿಜ ಹೇಳುತ್ತೇನೆ, ಆಗ ಖುಷಿಯಾಗಿತ್ತು. ಯಾರೋ ಬೆನ್ನು ತಟ್ಟಿದರು. ಸ್ಟ್ರೆಚರ್ ಬರುವ ತನಕ ಪೇಪರಿನಲ್ಲಿ ಗಾಳಿ ಬೀಸುತ್ತಾ ಕೂತೆವು.

ಮರುದಿನ ಟೀ ಸ್ಟಾಲಿನವನು ಹೇಳಿದ. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದರಂತೆ.

ಪ್ರಶ್ನೆ ಒಂದೇ. ನಾನು ನಿಲ್ಲಿಸದೇ ಇದ್ದಿದ್ದರೆ?

ಹುಬ್ಬಳ್ಳಿ ಟು ಕಲ್ಯಾಣ

ಅಣ್ಣಾರ, ನೀವು ಕೈ ಹಚ್ಚಿದ್ದೇ ದೊಡ್ಡದು. ನಾನಾಗಿದ್ದರೆ ಹಿಂದೆ ಸರಿಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ನಮ್ಮ ಕಾಕಾ 2009ರಲ್ಲಿ ಹೈವೇ ಮೇಲೆ ಬಿದ್ದಿದ್ದ ಒಬ್ಬನನ್ನು ಆಸ್ಪತ್ರೆಗೆ ಒಯ್ದಿದ್ದರು. ಆಮೇಲೆ ರಾತ್ರಿಯಿಡೀ ಠಾಣೆಯಲ್ಲಿ ಕೂತರು. "ನೀನೇ ಗುದ್ದಿರಬೇಕು" ಅಂತ. ಇವರು ಒತ್ತಿದಾಗ ಪಕ್ಕೆಲುಬು ಮುರಿದು ಸತ್ತರು ಅಂತ ಯಾರಾದರೂ ಕೇಸ್ ಹಾಕಿದರೆ ಏನು ಮಾಡೋದು?

ವಾರ್ಡಕ್ಕ

ಡೊಂಬಿವಲಿಕರ ಅವರೇ, ನಾನು ಐಸಿಯು ನರ್ಸ್. 22 ವರ್ಷ ಆಯಿತು. ಊರು ಕಾರ್ಕಳ, ಮನೆ ಥಾಣೆ. ನೀವು ಬಿಡಿಸಿ ಹೇಳಿ ಎಂದಿರಿ, ಹಾಗೇ ಹೇಳುತ್ತೇನೆ.

ಆ ಗೊರಕೆಯಂಥದ್ದು ಉಸಿರಾಟ ಅಲ್ಲ. ಹೃದಯ ನಿಂತ ಮೇಲೂ ಮೊದಲ ಕೆಲವು ನಿಮಿಷ ಮೆದುಳಿನ ಕೆಳಭಾಗ ಹಾಗೆ ಎಳೆಸುತ್ತದೆ. ನೀರಿನಿಂದ ಹೊರಗೆ ಹಾಕಿದ ಮೀನು ಬಾಯಿ ಬಿಡುತ್ತದಲ್ಲ, ಅದೇ ಥರ. ಚೆನ್ನಾಗಿ ಒತ್ತುತ್ತಿರುವಾಗಲೂ ಅದು ಬರುತ್ತದೆ. ಮೆದುಳಿಗೆ ಒಂದಿಷ್ಟು ರಕ್ತ ಹೋಗುತ್ತಿದೆ ಅಂತ ಲೆಕ್ಕ. ಅಂದರೆ ಇನ್ನೂ ಒತ್ತಬೇಕು. ಎಚ್ಚರ ಇಲ್ಲ, ಉಸಿರು ಮಾಮೂಲಿನ ಹಾಗೆ ಇಲ್ಲ ಎಂದರೆ ಒತ್ತುತ್ತಲೇ ಇರಬೇಕು. ಅವರು ಕೈ ಆಡಿಸಿ ನಿಮ್ಮನ್ನು ತಳ್ಳಿದರೆ, ಕಣ್ಣು ಬಿಟ್ಟು ನೋಡಿದರೆ ಆಗ ನಿಲ್ಲಿಸಿ.

ಮೊದಲಿನ ಅದುರುವಿಕೆಯೂ ಅಷ್ಟೇ. ಹೃದಯ ಥಟ್ಟನೆ ನಿಂತಾಗ ಮೆದುಳಿಗೆ ರಕ್ತ ಇಲ್ಲದೆ ಕೈಕಾಲು ಅದುರಬಹುದು. ನೋಡಿದವರು ಫಿಟ್ಸ್ ಅಂದುಕೊಳ್ಳುತ್ತಾರೆ. ಚಪ್ಪಲಿ, ಈರುಳ್ಳಿ, ಬೀಗದ ಕೈ ಹುಡುಕುವುದರಲ್ಲಿ ಒಂದೆರಡು ನಿಮಿಷ ಹೋಗುತ್ತದೆ. ನಿಜವಾದ ಫಿಟ್ಸಿಗೂ ಅವು ಯಾವುದೂ ಉಪಯೋಗ ಇಲ್ಲ, ಆ ಮಾತು ಬೇರೆ.

ನಡುವೆ ನಿಲ್ಲಿಸಿದರೆ ಏನಾಗುತ್ತದೆ ಅಂತ ಹೇಳಲು ನಾನು ಹೊಸ ಹುಡುಗಿಯರಿಗೆ ಊರಿನ ಕೈಪಂಪಿನ ಉದಾಹರಣೆ ಕೊಡುತ್ತೇನೆ. ಮೊದಲ ಹತ್ತು ಸಲ ಹೊಡೆದಾಗ ನೀರು ಬರುವುದಿಲ್ಲ, ಬರೀ ಕಿರ್ ಕಿರ್ ಸದ್ದು. ಆಮೇಲೆ ನೀರು ಏರಿ ಬರುತ್ತದೆ. ಬಂತಲ್ಲ ಎಂದು ಕೈ ಬಿಟ್ಟರೆ ಕೆಳಗಿಳಿಯುತ್ತದೆ. ಮತ್ತೆ ಮೊದಲಿಂದ ಹೊಡೆಯಬೇಕು. ಹೃದಯದ ಸ್ನಾಯುವಿಗೆ ರಕ್ತ ಹೋಗುವಷ್ಟು ಒತ್ತಡ ಏರಬೇಕಾದರೆ ಒಂದೇ ಸಮನೆ ಒತ್ತಬೇಕು. ನಿಲ್ಲಿಸಿದ ಕೂಡಲೇ ಆ ಒತ್ತಡ ಬಿದ್ದುಹೋಗುತ್ತದೆ.

ಈಗ ನಿಮ್ಮ ಪ್ರಶ್ನೆ. ನಿಲ್ಲಿಸದೇ ಇದ್ದಿದ್ದರೆ ಬದುಕುತ್ತಿದ್ದರಾ? ಯಾರೂ ಹೇಳಲಾರರು. ಅವಕಾಶ ಸ್ವಲ್ಪ ಜಾಸ್ತಿ ಇರುತ್ತಿತ್ತು, ಅಷ್ಟು ಹೇಳಬಹುದು. ಎಷ್ಟು ಜಾಸ್ತಿ ಅನ್ನುವುದು ಬೇರೆ ಹಲವು ವಿಷಯಗಳ ಮೇಲೆ ನಿಂತಿದೆ. ಡ್ಯೂಟಿ ಮುಗಿಸಿ ಬಂದು ಬರೆಯುತ್ತೇನೆ.

ಕಪ್ಪು ಕೋಟು

ಹುಬ್ಬಳ್ಳಿಯವರ ಕಾಕಾ ಅನುಭವಿಸಿದ್ದು ನಿಜವೇ ಇರಬೇಕು, ಆ ಕಾಲದಲ್ಲಿ ಹಾಗಿತ್ತು. ಆಮೇಲೆ ಕಾನೂನು ಬದಲಾಯಿತು. ನೆರವಿಗೆ ಬಂದವರನ್ನು ಸತಾಯಿಸಬಾರದು ಎಂದು ಕೇಂದ್ರ ಸರ್ಕಾರ 2015ರ ಮೇ ತಿಂಗಳಲ್ಲಿ ಮಾರ್ಗಸೂಚಿ ಹೊರಡಿಸಿತು. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ಅದಕ್ಕೆ ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಹೆಸರು, ವಿಳಾಸ ಹೇಳಲೇಬೇಕು ಎಂಬ ಬಲವಂತ ಇಲ್ಲ. ಸಾಕ್ಷಿ ಹೇಳುವುದೂ ನಿಮ್ಮ ಇಷ್ಟ.

ಆದರೆ ಒಂದು ಮಾತು. ವಾಟ್ಸಾಪಿನಲ್ಲಿ ಇದನ್ನು ಎಲ್ಲಕ್ಕೂ ಅಂಟಿಸುತ್ತಾರೆ. ಇದು ರಸ್ತೆ ಅಪಘಾತದ ಕಾನೂನು. ಪ್ಲಾಟ್‌ಫಾರ್ಮಿನಲ್ಲಿ ಹೃದಯ ನಿಂತವರ ವಿಷಯಕ್ಕೆ ಅದರ ಪದಗಳು ನೇರವಾಗಿ ಬರುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಹಳೆಯ ಕಲಂ. ದಂಡ ಸಂಹಿತೆಯ 92, ಈಗ 2024ರ ಜುಲೈ 1ರಿಂದ ನ್ಯಾಯ ಸಂಹಿತೆಯ 30. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದವನ ಒಳ್ಳೆಯದಕ್ಕಾಗಿ ಸದುದ್ದೇಶದಿಂದ ಮಾಡಿದ ಕೆಲಸದಿಂದ ಪೆಟ್ಟಾದರೂ ಅದು ಅಪರಾಧ ಅಲ್ಲ ಎಂದು ಅದರ ಸಾರ. ಬ್ರಿಟಿಷರ ಕಾಲದಿಂದ ಇದೆ, ಯಾರೂ ಓದುವುದಿಲ್ಲ ಅಷ್ಟೇ. ಪಕ್ಕೆಲುಬಿನ ಚಿಂತೆ ಬಿಡಿ.

ಹುಬ್ಬಳ್ಳಿ ಟು ಕಲ್ಯಾಣ

ವಕೀಲರೇ, ಕಾನೂನು ಪುಸ್ತಕದಲ್ಲಿ ಇರುತ್ತದೆ, ಹವಾಲ್ದಾರ ಎದುರಿಗೆ ಇರುತ್ತಾನೆ.

ಕಪ್ಪು ಕೋಟು

ಅದೂ ನಿಜ. ಅದಕ್ಕೇ ಕಲಂ ನಂಬರ್ ಬಾಯಿಪಾಠ ಇರಲಿ ಅನ್ನೋದು. ಅಂದ ಹಾಗೆ ಅಪಘಾತದವರನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆ ಸೇರಿಸಿದವರಿಗೆ 2021ರಲ್ಲಿ 5,000 ರೂಪಾಯಿ ಬಹುಮಾನ ಇಟ್ಟರು, 2025ರಲ್ಲಿ 25,000 ಮಾಡಿದರು. ದುಡ್ಡಿಗೆ ಯಾರೂ ಓಡುವುದಿಲ್ಲ, ಗೊತ್ತು. ಆದರೆ ಸರ್ಕಾರವೇ ಶಾಲು ಹೊದಿಸುವವನನ್ನು ಹವಾಲ್ದಾರ ಗದರಿಸಲು ಸ್ವಲ್ಪ ಯೋಚಿಸುತ್ತಾನೆ.

ನೆರಳು

ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುವವಳು. "ಐವತ್ತು ಜನ ಸುಮ್ನೆ ನಿಂತಿದ್ದರು" ಅನ್ನುವುದು ಓದಿದಾಗ ಪ್ರತಿ ವರ್ಷ ತರಗತಿಯಲ್ಲಿ ಹೇಳುವ ಕತೆ ನೆನಪಾಯಿತು. 1964ರಲ್ಲಿ ನ್ಯೂಯಾರ್ಕಿನಲ್ಲಿ ಕಿಟ್ಟಿ ಜೆನೊವೀಸ್ ಎಂಬ ಹೆಣ್ಣುಮಗಳ ಕೊಲೆಯಾಯಿತು. 38 ಜನ ನೋಡುತ್ತಾ ನಿಂತಿದ್ದರು ಎಂದು ಪತ್ರಿಕೆ ಬರೆಯಿತು. ಅದರ ಬೆನ್ನು ಹಿಡಿದು ಡಾರ್ಲಿ ಮತ್ತು ಲಾಟಾನೆ 1968ರಲ್ಲಿ ಪ್ರಯೋಗ ಮಾಡಿದರು. ಜನ ಜಾಸ್ತಿ ಇದ್ದಷ್ಟೂ ಒಬ್ಬೊಬ್ಬರೂ "ಬೇರೆ ಯಾರೋ ನೋಡಿಕೊಳ್ಳುತ್ತಾರೆ" ಅಂದುಕೊಳ್ಳುತ್ತಾರೆ ಎಂದು ತೋರಿಸಿದರು.

ಆ 38ರ ಲೆಕ್ಕ ಉಬ್ಬಿಸಿದ್ದು ಎಂದು ಆಮೇಲೆ ಗೊತ್ತಾಯಿತು. 2019ರಲ್ಲಿ ಬ್ರಿಟನ್, ನೆದರ್ಲೆಂಡ್ಸ್, ದಕ್ಷಿಣ ಆಫ್ರಿಕಾದ ಬೀದಿಗಳ ಸಿಸಿಟಿವಿ ನೋಡಿದ ಸಂಶೋಧಕರಿಗೆ ಬೇರೆಯೇ ಚಿತ್ರ ಸಿಕ್ಕಿತು. ಹತ್ತು ಜಗಳಗಳಲ್ಲಿ ಒಂಬತ್ತರಲ್ಲಿ ಯಾರಾದರೂ ಒಬ್ಬರು ನಡುವೆ ಹೋಗಿದ್ದರು. ಜನ ಹೆಚ್ಚಿದ್ದಷ್ಟೂ ನೆರವು ಸಿಗುವ ಸಾಧ್ಯತೆಯೂ ಹೆಚ್ಚಿತ್ತು. ಅದು ಜಗಳದ ಲೆಕ್ಕ, ಹೃದಯದ್ದಲ್ಲ. ಆದರೂ ನಮ್ಮ ಲೋಕಲ್ ನೋಡಿದವರಿಗೆ ಇದು ಹೊಸದೇನಲ್ಲ, ಅಲ್ವಾ? ಡೊಂಬಿವಲಿಕರ ಬರೆದದ್ದನ್ನೇ ಮತ್ತೆ ಓದಿ. ಚಪ್ಪಲಿ ಹಿಡಿದವನು, ಬೀಗದ ಕೈ ಕೊಟ್ಟವನು, ಈರುಳ್ಳಿ ಕೇಳಿದ ಅಜ್ಜಿ. ಇವರ್ಯಾರೂ ಕಲ್ಲು ಮನಸ್ಸಿನವರಲ್ಲ, ಎಲ್ಲರೂ ತಮಗೆ ಗೊತ್ತಿದ್ದ ಸಹಾಯ ಮಾಡಿದರು. ಗೊತ್ತಿದ್ದದ್ದು ತಪ್ಪಾಗಿತ್ತು.

ಒಂದು ಉಪಾಯ. "ಯಾರಾದರೂ ಆಂಬುಲೆನ್ಸ್ ಕರೀರಿ" ಎಂದರೆ ಯಾರೂ ಕರೆಯುವುದಿಲ್ಲ. ಬೆರಳು ತೋರಿಸಿ. "ನೀಲಿ ಶರ್ಟ್, ನೀವು 108ಕ್ಕೆ ಮಾಡಿ, ಸ್ಪೀಕರ್ ಹಾಕಿ. ಕನ್ನಡಕದವರೇ, ನೀವು ಸ್ಟೇಷನ್ ಮಾಸ್ಟರ್ ಹತ್ತಿರ ಓಡಿ."

ಗಲ್ಲಾಪೆಟ್ಟಿಗೆ

ಸ್ಟೇಷನ್ ಮಾಸ್ಟರ್ ಅಂದಿದ್ದು ಸರಿ ಮಾರಾಯ್ರೆ. ಸ್ಟ್ರೆಚರ್, ಹಮಾಲರು ಎಲ್ಲ ಅಲ್ಲಿಂದಲೇ ಬರುವುದು. ಚಲಿಸುವ ಗಾಡಿಯಲ್ಲಿ ಯಾರಾದರೂ ಬಿದ್ದರೆ ಎರಡು ಸ್ಟೇಷನ್ ನಡುವೆ ಚೈನ್ ಎಳೆಯಬೇಡಿ. ಹಳಿಯ ಮೇಲೆ ನಿಂತ ಗಾಡಿಗೆ ಆಂಬುಲೆನ್ಸ್ ಎಲ್ಲಿಂದ ಬರಬೇಕು? ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ, ಮುಂದಿನ ಸ್ಟೇಷನ್ನಿನಲ್ಲಿ ಇಳಿಸಿ.

ನನ್ನ ಹೋಟೆಲು ಮಾಟುಂಗದಲ್ಲಿ. ಹೋದ ವರ್ಷ ಒಬ್ಬರಿಗೆ ವಡೆ ಗಂಟಲಲ್ಲಿ ಸಿಕ್ಕಿಕೊಂಡಿತು. ಮಾತಿಲ್ಲ, ಕೆಮ್ಮೂ ಇಲ್ಲ, ಎರಡು ಕೈಯಲ್ಲಿ ಕುತ್ತಿಗೆ ಹಿಡಿದುಕೊಂಡರು. ಸಪ್ಲೈಯರ್ ಹುಡುಗ ನೀರಿನ ಲೋಟ ಬಾಯಿಗೆ ಹಿಡಿಯಲು ಹೋದ. ಅಷ್ಟರಲ್ಲಿ ನಮ್ಮ ದೋಸೆ ಭಟ್ರು ಒಳಗಿಂದ ಬಂದು, ಅವರನ್ನು ಮುಂದಕ್ಕೆ ಬಗ್ಗಿಸಿ, ಎರಡು ಭುಜದ ಎಲುಬಿನ ನಡುವೆ ಅಂಗೈಯ ಬುಡದಿಂದ ಐದು ಸಲ ಜೋರಾಗಿ ಹೊಡೆದರು. ನಾಲ್ಕನೆಯದಕ್ಕೋ ಐದನೆಯದಕ್ಕೋ ವಡೆ ಚೂರು ಹೊರಗೆ ಬಂತು. ಎಲ್ಲಿ ಕಲಿತಿರಿ ಎಂದರೆ ಊರಿನ ಶಾಲೆಯಲ್ಲಿ ಸ್ಕೌಟ್ಸಿನಲ್ಲಿ ಇದ್ದರಂತೆ! ನಲವತ್ತು ವರ್ಷದ ಹಿಂದೆ. ಆ ಗಿರಾಕಿ ಈಗಲೂ ಬರುತ್ತಾರೆ, ವಡೆ ಮಾತ್ರ ಸಾಂಬಾರಿನಲ್ಲಿ ಮುಳುಗಿಸಿಯೇ ತಿನ್ನುತ್ತಾರೆ.

ವಾರ್ಡಕ್ಕ

ಭಟ್ಟರಿಗೆ ನಮಸ್ಕಾರ ಹೇಳಿ. ಐದು ಗುದ್ದಿಗೆ ಬಾರದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿ ಇಟ್ಟು ಒಳಕ್ಕೆ, ಮೇಲಕ್ಕೆ ಐದು ಸಲ ಎಳೆಯಬೇಕು. ಬಸುರಿಯರಿಗೆ, ಒಂದು ವರ್ಷದೊಳಗಿನ ಮಗುವಿಗೆ ಹೊಟ್ಟೆ ಒತ್ತಬಾರದು. ಕೆಮ್ಮುತ್ತಿದ್ದರೆ ಬಿಡಿ, ಅವರೇ ಕೆಮ್ಮಿ ತೆಗೆಯಲಿ.

ಬಾಕಿ ಉಳಿದದ್ದು ಈಗ. ಹೃದಯ ನಿಂತವರು ಬದುಕುವುದು ಬಿಡುವುದು ಯಾವುದರ ಮೇಲೆ ಇದೆ?

ಮೊದಲನೆಯದು ಯಾಕೆ ನಿಂತಿತು ಅನ್ನುವುದು. ಕೆಲವರ ಹೃದಯ ತಾಳ ತಪ್ಪಿ ಬರೀ ಪಟಪಟ ಅದುರುತ್ತಿರುತ್ತದೆ. ಅದಕ್ಕೆ ಶಾಕ್ ಕೊಟ್ಟರೆ ಮರಳಿ ತಾಳ ಹಿಡಿಯುವ ಅವಕಾಶ ಚೆನ್ನಾಗಿದೆ. ಇನ್ನು ಕೆಲವರದು ಪೂರಾ ಸ್ತಬ್ಧ, ಅಲ್ಲಿ ಶಾಕ್ ಕೆಲಸಕ್ಕೆ ಬಾರದು. ಹೊರಗೆ ನಿಂತು ನೋಡುವ ನಮಗೆ ಇದು ಗೊತ್ತಾಗುವುದಿಲ್ಲ. ಅದನ್ನು ತಿಳಿಸುವುದು ಎಇಡಿ ಅನ್ನುವ ಪೆಟ್ಟಿಗೆ. ಅದರ ಪಟ್ಟಿ ಎದೆಗೆ ಅಂಟಿಸಿದರೆ ತಾನೇ ನೋಡಿ, ಬೇಕಿದ್ದರೆ ಮಾತ್ರ ಶಾಕ್ ಕೊಡಿಸುತ್ತದೆ. ವಿಮಾನ ನಿಲ್ದಾಣದಲ್ಲಿ, ಕೆಲವು ಮಾಲ್, ದೊಡ್ಡ ಆಫೀಸುಗಳಲ್ಲಿ ಗೋಡೆಗೆ ತೂಗುಹಾಕಿರುತ್ತಾರೆ. ಯಾರೂ ಕಣ್ಣೆತ್ತಿ ನೋಡಿರುವುದಿಲ್ಲ.

ಎರಡನೆಯದು ಹೊತ್ತು. ಒತ್ತದೆ, ಶಾಕ್ ಇಲ್ಲದೆ ಹೋಗುವ ಪ್ರತಿ ನಿಮಿಷಕ್ಕೆ ಬದುಕುವ ಅವಕಾಶ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತದೆ. ಒತ್ತುತ್ತಿದ್ದರೆ ಆ ಇಳಿತ ನಿಧಾನವಾಗುತ್ತದೆ. ಅಮೆರಿಕದ ಜೂಜುಕಟ್ಟೆಗಳಲ್ಲಿ ಸೆಕ್ಯುರಿಟಿಯವರಿಗೇ ಎಇಡಿ ಕಲಿಸಿ ನೋಡಿದರು. 2000ದಲ್ಲಿ ಬಂದ ವರದಿ. ತಾಳ ತಪ್ಪಿದ ಹೃದಯಕ್ಕೆ ಮೂರು ನಿಮಿಷದೊಳಗೆ ಶಾಕ್ ಸಿಕ್ಕವರಲ್ಲಿ 74% ಬದುಕಿದರು. ತಡವಾದವರಲ್ಲಿ 49%. ಅಲ್ಲಿ ಎಲ್ಲ ಕಡೆ ಕ್ಯಾಮೆರಾ, ಬಿದ್ದ ಕೂಡಲೇ ಗೊತ್ತಾಗುತ್ತದೆ. ದುಡ್ಡು ಕಾಯಲು ಇಟ್ಟ ಕ್ಯಾಮೆರಾ ಜನರನ್ನೂ ಕಾಯಿತು.

ಮೂರನೆಯದು ಹೇಗೆ ಒತ್ತುತ್ತೀರಿ. ಎದೆಯ ನಟ್ಟನಡುವೆ ಅಂಗೈ ಬುಡ, ಮೊಣಕೈ ನೆಟ್ಟಗೆ, ಹೆಗಲು ಕೈಯ ಮೇಲೆ ಬರಬೇಕು. ದೊಡ್ಡವರಿಗೆ 5 ಸೆಂಟಿಮೀಟರ್ ಆಳ, 6 ಮೀರುವುದು ಬೇಡ. ನಿಮಿಷಕ್ಕೆ 100ರಿಂದ 120. ಪ್ರತಿ ಸಲವೂ ಎದೆ ಪೂರಾ ಮೇಲೆ ಬರಲು ಬಿಡಿ, ಅದರ ಮೇಲೆ ಒರಗಬೇಡಿ. ಎರಡು ನಿಮಿಷಕ್ಕೊಮ್ಮೆ ಇನ್ನೊಬ್ಬರಿಗೆ ಒತ್ತಲು ಬಿಡಿ, ಆಮೇಲೆ ನಿಮಗೇ ಗೊತ್ತಾಗದ ಹಾಗೆ ಆಳ ಕಡಿಮೆಯಾಗುತ್ತದೆ. ಬಾಯಿಗೆ ಬಾಯಿ ಇಡಲು ಹಿಂಜರಿಕೆ ಇದ್ದರೆ ಬಿಡಿ. ನಮ್ಮ ದೇಶದ ಅರಿವಳಿಕೆ ತಜ್ಞರು 2017ರಲ್ಲಿ ಜನಸಾಮಾನ್ಯರಿಗಾಗಿ ಬರೀ ಒತ್ತುವ ಕ್ರಮವನ್ನೇ ಹೇಳಿದ್ದಾರೆ. ನಾಡಿ ಹುಡುಕುತ್ತಾ ಕೂರಬೇಡಿ, ಗಾಬರಿಯಲ್ಲಿ ನಿಮ್ಮದೇ ನಾಡಿ ಸಿಗುತ್ತದೆ.

ವಾಸ್ಕೋ ಬೈನಾ

ಅಕ್ಕಾ, ನೀರಿನಲ್ಲಿ ಮುಳುಗಿದವರಿಗೆ ಬರೀ ಒತ್ತಿದರೆ ಸಾಲದು ಅಲ್ವಾ? ನಮ್ಮ ಕಡೆ ಮಳೆಗಾಲದಲ್ಲಿ ಟೂರಿಸ್ಟರು ಸಮುದ್ರಕ್ಕೆ ಇಳಿದು ಏನಾದರೊಂದು ಆಗುತ್ತಲೇ ಇರುತ್ತದೆ. ಜನ ಹೊಟ್ಟೆ ಒತ್ತಿ ನೀರು ತೆಗೆಯುತ್ತಾರೆ.

ವಾರ್ಡಕ್ಕ

ಸರಿಯಾಗಿ ಕೇಳಿದಿರಿ ತಮ್ಮಾ. ಮುಳುಗಿದವರಿಗೆ, ಮಕ್ಕಳಿಗೆ ಉಸಿರು ಮುಖ್ಯ, ಅಲ್ಲಿ ಮೊದಲು ಕೈಕೊಟ್ಟದ್ದು ಉಸಿರೇ. ಬಾಯಿಂದ ಉಸಿರು ಕೊಟ್ಟು ಆಮೇಲೆ 30 ಒತ್ತು, 2 ಉಸಿರು. ಹೊಟ್ಟೆ ಒತ್ತಿದರೆ ತಿಂದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಹೋಗುತ್ತದೆ. ಈಜು ಗೊತ್ತಿಲ್ಲದವರು ನೀರಿಗೆ ಹಾರಲೇಬೇಡಿ. ಹಗ್ಗ, ಖಾಲಿ ಕ್ಯಾನ್ ಏನಾದರೂ ಎಸೆಯಿರಿ.

ಲೇಡೀಸ್ ಡಬ್ಬಾ

ನಾನು ಒಂದು ಹೇಳಲಾ? ನವರಾತ್ರಿ ಸಮಯ, ನಮ್ಮ ಡಬ್ಬಾದಲ್ಲಿ ಒಂದು ಹುಡುಗಿ ಬಿದ್ದಳು. ಒಂದೇ ಕ್ಷಣದಲ್ಲಿ ಸುತ್ತ ಎಂಟು ದುಪಟ್ಟಾ ಎದ್ದವು. ಆ ಕಡೆ ಜೆಂಟ್ಸ್ ಡಬ್ಬಾದ ಜಾಲರಿಯಿಂದ ಯಾರೂ ನೋಡಬಾರದು ಅಂತ. ಹುಡುಗಿಗೆ ಉಸಿರಿದೆಯಾ ಅಂತ ನೋಡಿದವರು ಯಾರೂ ಇಲ್ಲ. ಪುಣ್ಯಕ್ಕೆ ಉಪವಾಸದಿಂದ ತಲೆಸುತ್ತು, ಮಲಗಿಸಿದ ಅರ್ಧ ನಿಮಿಷಕ್ಕೆ ಕಣ್ಣು ಬಿಟ್ಟಳು. ಅವತ್ತು ಅವಳ ಹೃದಯ ನಿಂತಿದ್ದರೆ?

ನೆರಳು

ಇದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದ ಒಂದು ಅಧ್ಯಯನದಲ್ಲಿ ಸಾರ್ವಜನಿಕ ಜಾಗದಲ್ಲಿ ಹೃದಯ ನಿಂತ ಗಂಡಸರಲ್ಲಿ 45% ಜನರಿಗೆ ಸುತ್ತಲಿದ್ದವರು ಸಿಪಿಆರ್ ಮಾಡಿದ್ದರು, ಹೆಂಗಸರಲ್ಲಿ 39%. ಮುಟ್ಟಿದರೆ ಏನಂದುಕೊಳ್ಳುತ್ತಾರೋ ಎಂಬ ಅಳುಕು ಅಲ್ಲಿಯೂ ಇದೆ.

ವಾರ್ಡಕ್ಕ

ಒತ್ತಲು ಬಟ್ಟೆ ತೆಗೆಯುವುದು ಬೇಡ. ಸೀರೆಯ ಮೇಲಿಂದಲೇ ಒತ್ತಿ. ಎಇಡಿ ಪಟ್ಟಿಗೆ ಮಾತ್ರ ಬರಿಮೈ ಬೇಕು, ಆಗ ನಿಮ್ಮ ಎಂಟು ದುಪಟ್ಟಾ ನಿಜಕ್ಕೂ ಉಪಯೋಗ.

ಡೊಂಬಿವಲಿಕರ

ಎಲ್ಲ ಓದಿದೆ. ಎರಡು ಸಲ. ಗೊರಕೆಯ ಸದ್ದು ಈಗಲೂ ಕಿವಿಯಲ್ಲಿದೆ. ಅಕ್ಕಾ, ಎಲ್ಲ ಸರಿಯಾಗಿ ಮಾಡಿದರೆ ಎಷ್ಟು ಜನ ಬದುಕುತ್ತಾರೆ?

ವಾರ್ಡಕ್ಕ

ಡೆನ್ಮಾರ್ಕಿನ ಲೆಕ್ಕ ಹೇಳುತ್ತೇನೆ, ಅವರು ಇಡೀ ದೇಶದ್ದು ಬರೆದಿಟ್ಟಿದ್ದಾರೆ. 2001ರಲ್ಲಿ ಐದರಲ್ಲಿ ಒಬ್ಬರಿಗೆ ಸುತ್ತಲಿನವರು ಒತ್ತುತ್ತಿದ್ದರು. ಶಾಲೆಯಲ್ಲಿ ಕಡ್ಡಾಯ ಮಾಡಿದರು, ಡ್ರೈವಿಂಗ್ ಲೈಸೆನ್ಸಿಗೂ ಕಲಿಯಲೇಬೇಕು ಎಂದರು. 2010ಕ್ಕೆ ಅದು 45% ಆಯಿತು. 30 ದಿನ ಬದುಕಿದವರು 3.5%ರಿಂದ 10.8%ಗೆ ಏರಿದರು. ಆಂಬುಲೆನ್ಸ್, ಆಸ್ಪತ್ರೆ ಚಿಕಿತ್ಸೆ ಕೂಡ ಸುಧಾರಿಸಿತ್ತು, ಎಲ್ಲ ಶ್ರೇಯ ಒತ್ತಿದವರಿಗೇ ಅಲ್ಲ. ಮೂರು ಪಟ್ಟು ಅಂದರೆ ದೊಡ್ಡದೇ. ಆದರೆ ಇನ್ನೊಂದು ಕಡೆಯಿಂದ ನೋಡಿ. ಅಷ್ಟೆಲ್ಲ ಇರುವ ದೇಶದಲ್ಲೂ ಹತ್ತರಲ್ಲಿ ಒಂಬತ್ತು ಜನ ಉಳಿಯಲಿಲ್ಲ. ನನ್ನ ವಾರ್ಡಿನಲ್ಲಿ, ಮಾನಿಟರ್ ಹಚ್ಚಿಕೊಂಡು ಕಣ್ಣೆದುರೇ ಹೃದಯ ನಿಂತವರನ್ನು ನಾಲ್ಕು ಜನ ಸೇರಿ ಒತ್ತಿಯೂ ಕಳೆದುಕೊಂಡಿದ್ದೇವೆ. ಅವತ್ತು ರಾತ್ರಿ ಊಟ ಸೇರುವುದಿಲ್ಲ. ಮರುದಿನ ಡ್ಯೂಟಿಗೆ ಹೋಗುತ್ತೇವೆ.

ನಿಮ್ಮದು ತಪ್ಪೇ ಇಲ್ಲ ಎನ್ನುವುದಿಲ್ಲ. ನಿಲ್ಲಿಸಬಾರದಿತ್ತು. ಅದನ್ನು ನಿಮಗೆ ಯಾರೂ ಹೇಳಿಕೊಟ್ಟಿರಲಿಲ್ಲ ಅನ್ನುವುದೂ ನಿಜ. ಎರಡು ಗಂಟೆಯ ಕ್ಲಾಸಿನಲ್ಲಿ ಗೊರಕೆಯ ವಿಷಯ ಬಂತಾ?

ಡೊಂಬಿವಲಿಕರ

ಇಲ್ಲ. ಬಂದಿದ್ದರೂ ನೆನಪಿಲ್ಲ. ಗ್ರೂಪ್ ಫೋಟೊ ತೆಗೆಸಿಕೊಂಡದ್ದು ನೆನಪಿದೆ.

ತಾಳದ ತಿಮ್ಮಪ್ಪ

ನಮ್ಮ ಭಜನಾ ಮಂಡಳಿಯಲ್ಲಿ ಈ ಚರ್ಚೆ ಓದಿ ಹೇಳಿದೆ. ನಿಮಿಷಕ್ಕೆ 110 ಅಂದರೆ ಎಷ್ಟು ವೇಗ ಎಂದು ಯಾರಿಗೂ ಅಂದಾಜಿಲ್ಲ. ಮೃದಂಗದವರು ಮೊಬೈಲಿನಲ್ಲಿ ತಾಳದ ಆ್ಯಪ್ 110ಕ್ಕೆ ಇಟ್ಟರು. ಮಂಗಳಾರತಿಗೆ ಸ್ವಲ್ಪ ಮೊದಲು ನಾವು ತಾಳ ಏರಿಸುತ್ತೇವಲ್ಲ, ಹತ್ತಿರಹತ್ತಿರ ಅದೇ! ಹದಿನೈದು ಜನ ಚಾಪೆಯ ಮೇಲೆ ದಿಂಬು ಒತ್ತಿದೆವು. ನಗಬೇಡಿ. ವಾರ್ಡಕ್ಕ ಒಂದು ಭಾನುವಾರ ಬಂದು ಕಲಿಸುತ್ತೀರಾ? ಊಟ ನಮ್ಮದು.

ವಾರ್ಡಕ್ಕ

ದಿಂಬು ಬೇಡ, ಅದು ಮೆತ್ತಗೆ. ಬೊಂಬೆ ನಾನು ತರುತ್ತೇನೆ. ಆಳ ಸರಿಯಾದರೆ ಟಿಕ್ ಎನ್ನುವಂಥದ್ದು.

ಡೊಂಬಿವಲಿಕರ (ಎರಡು ವಾರದ ನಂತರ)

ಹೋಗಿದ್ದೆ. ಬೊಂಬೆಯ ಮೇಲೆ ಕೈ ಇಟ್ಟಾಗ ಮೊದಲು ಆಗಲೇ ಇಲ್ಲ. ಆಚೆ ಹೋಗಿ ನೀರು ಕುಡಿದು ಬಂದೆ. ಆಮೇಲೆ ಒತ್ತಿದೆ. ನನ್ನ ವೇಗ 140 ಹತ್ತಿರ ಇತ್ತಂತೆ, ಬೊಂಬೆ ಟಿಕ್ ಅನ್ನುತ್ತಲೇ ಇರಲಿಲ್ಲ. ನಿಧಾನ ಮಾಡಿ, ಮೈಭಾರ ಬಿಟ್ಟು ಒತ್ತಿದ ಮೇಲೆ ಅಂದಿತು. ಎರಡು ನಿಮಿಷಕ್ಕೆ ತೋಳು ನಡುಗಿತು. ಅವತ್ತು ಪ್ಲಾಟ್‌ಫಾರ್ಮಿನಲ್ಲಿ ಐವತ್ತು ಜನ ಇದ್ದರೂ "ನೀವು ಸ್ವಲ್ಪ ಒತ್ತಿ" ಎಂದು ಒಬ್ಬರನ್ನೂ ಕೇಳಿರಲಿಲ್ಲ, ಅದು ಆಗ ನೆನಪಾಯಿತು.

ಸೋಮವಾರ ನಮ್ಮ ಗಾಡಿ ಗುಂಪಿನ ಎಂಟು ಜನರಲ್ಲಿ ಎಷ್ಟು ಜನಕ್ಕೆ ಗೊತ್ತು ಎಂದು ಕೇಳಿದೆ. ಇಬ್ಬರಿಗೆ. ನನ್ನನ್ನು ಸೇರಿಸಿ. ಸ್ಟೇಷನ್ನಿನಲ್ಲಿ ಸ್ಟ್ರೆಚರ್ ಎಲ್ಲಿದೆ ಎಂದು ಹೋಗಿ ನೋಡಿ ಬಂದೆ. ಹದಿನೇಳು ವರ್ಷದಿಂದ ದಿನಾ ಅದರ ಮುಂದೆಯೇ ನಡೆದು ಹೋಗುತ್ತಿದ್ದೆ.

ಹುಬ್ಬಳ್ಳಿ ಟು ಕಲ್ಯಾಣ

ಮುಂದಿನ ಕ್ಲಾಸ್ ಯಾವಾಗ ರೀ? ನಮ್ಮ ಕಾಕಾನೂ ಬರ್ತೀನಿ ಅಂತಾರೆ.

ತಾಳದ ತಿಮ್ಮಪ್ಪ

ಬರುವ ಭಾನುವಾರ, ಭಜನೆ ಮುಗಿದ ಮೇಲೆ. ಚಾಪೆ ನೀವೇ ತನ್ನಿ, ಹೋದ ಸಲ ಸಾಲಲಿಲ್ಲ.